‘ಯಜಮಾನ ಅಂದರೆ ದೇವರು’ ಅನ್ನುವುದನ್ನು ಬಿಟ್ಟ ಮೇಲೆ

ವರ್ಷಗಟ್ಟಲೆ ನಾನು ಬೈಬಲ್ ತರಗತಿಯಲ್ಲಿ ಯೇಸುವಿನ ಸಾಮ್ಯಗಳನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಗಳನ್ನು, ಒಂದೇ ರೀತಿ ಕಲಿಸಿದೆ. ಯಜಮಾನ ಅಂದರೆ ದೇವರು, ಆಳು ಅಂದರೆ ನಾವು, ಸಾಲ ಅಂದರೆ ಪಾಪ. ಕೊನೆಗೆ ಪ್ರಾರ್ಥನೆ. ಅರ್ಧ ಗಂಟೆಯ ಕೆಲಸ. ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಯಾರೂ ನೆನಪಿಟ್ಟುಕೊಳ್ಳುತ್ತಲೂ ಇರಲಿಲ್ಲ ಅನ್ನಿ.

ಈ ಪಾಠ ಕೈಕೊಟ್ಟದ್ದು ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ ಓದಿದ ದಿನ. ದ್ರಾಕ್ಷೇತೋಟದ ಕೂಲಿಗಳ ಕಥೆ. ಬೆಳಿಗ್ಗೆ ಬಂದವರಿಗೂ ಒಂದು ದಿನಾರಿ ನಾಣ್ಯ, ಸಾಯಂಕಾಲ ಐದಕ್ಕೆ ಬಂದವರಿಗೂ ಒಂದು ದಿನಾರಿ. ‘ಇದು ದುಡ್ಡಿನ ವಿಷಯ ಅಲ್ಲ, ದೇವರ ಕೃಪೆಯ ವಿಷಯ’ ಅಂತ ನಾನು ಶುರು ಮಾಡಿದ್ದೆ. ಹಿಂದೆ ಕೂತಿದ್ದ ಒಬ್ಬರು ಕೈ ಎತ್ತಿದರು. ಕಟ್ಟಡದ ಕೆಲಸಕ್ಕೆ ಹೋಗುವವರು, ಸಾಮಾನ್ಯವಾಗಿ ಮಾತೇ ಆಡದವರು.

“ಬ್ರದರ್, ಕೆಲಸ ಸಿಗದೆ ಐದು ಗಂಟೆವರೆಗೂ ನಿಂತವನ ಕಾಲು ಎಷ್ಟು ನೋಯುತ್ತೆ ಗೊತ್ತಾ? ಕೆಲಸ ಮಾಡಿದವನಿಗಿಂತ ಅವನಿಗೇ ಜಾಸ್ತಿ ಸುಸ್ತು. ಬರಿಗೈಲಿ ಮನೆಗೆ ಹೋಗಬೇಕಲ್ಲ ಅಂತ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಮತ್ತೆ ಓದಿದೆ. ‘ಯಾಕೆ ಸುಮ್ಮನೆ ನಿಂತಿದ್ದೀರಿ’ ಅಂತ ಯಜಮಾನ ಕೇಳುತ್ತಾನೆ. ‘ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ’ ಅನ್ನುತ್ತಾರೆ. ಈ ಸಾಲನ್ನು ಎಷ್ಟು ಸಲ ಓದಿದ್ದೆನೋ, ಕಣ್ಣಿಗೆ ಬಿದ್ದಿರಲಿಲ್ಲ. ಇವರು ಸೋಮಾರಿಗಳಲ್ಲ. ದಿನಾರಿ ಅಂದರೆ ಆಗಿನ ಕಾಲದ ಒಂದು ದಿನದ ಕೂಲಿ. ಹಗಲಿಗೆ ಹನ್ನೆರಡು ತಾಸು. ಒಂದೇ ತಾಸು ದುಡಿದವನಿಗೆ ನ್ಯಾಯವಾಗಿ ಸಿಗಬೇಕಾದ್ದು ದಿನಾರಿಯ ಹನ್ನೆರಡನೇ ಒಂದು ಪಾಲು. ಅದರಲ್ಲಿ ಮಕ್ಕಳ ಹೊಟ್ಟೆಯ ಹನ್ನೆರಡನೇ ಒಂದು ಪಾಲು ತುಂಬುತ್ತದೆ, ಅಷ್ಟೇ. ಇನ್ನೊಂದು ಸಂಗತಿ. ಯಜಮಾನನಿಗೆ ಪಾರುಪತ್ಯಗಾರ ಇದ್ದಾನೆ. ಆದರೂ ತಾನೇ ಐದು ಸಲ ಪೇಟೆ ಬೀದಿಗೆ ಹೋಗುತ್ತಾನೆ.

ಮುಂದಿನ ವಾರ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಒಬ್ಬ ಹೆಂಗಸು ಒಪ್ಪಲಿಲ್ಲ. “ಯಜಮಾನ ‘ನನ್ನ ದುಡ್ಡು, ನನ್ನಿಷ್ಟ’ ಅಂತಾನಲ್ಲ, ಅದು ಧಣಿಯ ಮಾತು. ಭೂಮಿ ನನ್ನದು ಅಂತ ಯಾಜಕಕಾಂಡದಲ್ಲಿ ದೇವರು ಹೇಳಿಲ್ವಾ?” ಹೇಳಿದ್ದಾನೆ, ಬೈಬಲಿನ ಆ ಪುಸ್ತಕದ 25ನೇ ಅಧ್ಯಾಯದಲ್ಲಿ. ಐವತ್ತನೇ ವರ್ಷ ಜಮೀನು ಮೂಲ ಮನೆತನಕ್ಕೆ ವಾಪಸ್ ಹೋಗಬೇಕು ಅನ್ನುವ ಜೂಬಿಲಿಯ ನಿಯಮ ಇರುವುದೂ ಅಲ್ಲೇ. ಆ ಜಗಳವನ್ನು ನಾವು ಇವತ್ತಿಗೂ ಮುಗಿಸಿಲ್ಲ.

ಅಲ್ಲಿಂದ ಒಂದು ಅಭ್ಯಾಸ ಬಂತು. ಕಥೆಯ ‘ಅರ್ಥ’ ಕೇಳುವ ಮುಂಚೆ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತೇವೆ. ಜಮೀನು ಯಾರದು, ಯಾರು ಯಾರಿಗೆ ಎಷ್ಟು ಕೊಡಬೇಕು, ಕಥೆ ಮುಗಿದಾಗ ಯಾರ ಕೈಯಲ್ಲಿ ಏನು ಉಳಿಯಿತು. ಹಿಂದಿನ ಮುಂದಿನ ವಾಕ್ಯಗಳನ್ನೂ ಸೇರಿಸಿ ಓದುತ್ತೇವೆ. ತನ್ನಲ್ಲಿದ್ದದ್ದನ್ನೆಲ್ಲ ದೇವಾಲಯದ ಕಾಣಿಕೆಗೆ ಹಾಕಿದ ಬಡ ವಿಧವೆಯ ಎರಡು ಕಾಸಿನ ಕಥೆಯನ್ನು ಕಾಣಿಕೆ ಕೊಡಿ ಅಂತ ಹುರಿದುಂಬಿಸಲು ನಾನೂ ಬಳಸಿದವನೇ. ಮಾರ್ಕನ ಸುವಾರ್ತೆಯಲ್ಲಿ ಅದರ ಹಿಂದಿನ ವಾಕ್ಯವೇ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ. ಅದನ್ನು ಸೇರಿಸಿ ಓದಿದರೆ ಕಾಣಿಕೆ ಚೀಲ ಹಿಡಿದ ಕೈ ಸ್ವಲ್ಪ ನಡುಗುತ್ತದೆ.

ಎಡವಿದ್ದೂ ಇದೆ. ತಲಾಂತುಗಳ ಸಾಮ್ಯ. ಯಜಮಾನ ಮೂವರು ಆಳುಗಳ ಕೈಗೆ ತಲಾಂತು ಕೊಟ್ಟು ಹೋಗುತ್ತಾನೆ. ಯಾರಾದರೂ ಚೆನ್ನಾಗಿ ಹಾಡಿದರೆ ಒಳ್ಳೆ ತಲಾಂತು ಇದೆ ಅನ್ನುತ್ತೇವೆ. ಆದರೆ ಮತ್ತಾಯ 25ರಲ್ಲಿ ತಲಾಂತು ಅಂದರೆ ದುಡ್ಡು. ಒಂದು ತಲಾಂತಿಗೆ 6,000 ದಿನಾರಿ. ವರ್ಷಕ್ಕೆ 300 ದಿನ ಕೂಲಿ ಸಿಕ್ಕರೂ ಒಬ್ಬ ಆಳಿನ 20 ವರ್ಷದ ದುಡಿಮೆ. ತಮಗೆ ಕೊಟ್ಟದ್ದನ್ನು ಇಬ್ಬರು ಆಳುಗಳು ಎರಡರಷ್ಟು ಮಾಡುತ್ತಾರೆ. ಹೇಗೆ? ಹೂತಿಟ್ಟು ಹಾಗೇ ವಾಪಸ್ ಕೊಟ್ಟ ಮೂರನೆಯವನಿಗೆ ‘ಬಡ್ಡಿಗಾದರೂ ಹಾಕಬೇಕಿತ್ತು’ ಅಂತ ಬೈಗುಳ. ಬಡವನಿಂದ ಬಡ್ಡಿ ತೆಗೆಯಬಾರದು ಅಂತ ವಿಮೋಚನಕಾಂಡವೇ ಹೇಳುತ್ತದೆ. ಲೂಕ 19ರಲ್ಲಿ ಇದೇ ಥರದ ಕಥೆ ಇದೆ. ಅಲ್ಲಿ ಯಜಮಾನ ರಾಜ್ಯಾಧಿಕಾರ ಪಡೆಯಲು ದೂರ ದೇಶಕ್ಕೆ ಹೋಗುತ್ತಾನೆ, ಜನ ಇವನು ಬೇಡ ಅಂತ ನಿಯೋಗ ಕಳಿಸುತ್ತಾರೆ. ಇದು ನಿಜವಾಗಿ ನಡೆದಿತ್ತು. ಕ್ರಿ.ಪೂ. 4ರಲ್ಲಿ ಯೆಹೂದ್ಯರ ರಾಜ ಹೆರೋದ ಸತ್ತ ಮೇಲೆ ಮಗ ಅರ್ಖೆಲಾಯ ರೋಮಿಗೆ ಹೋದ, ಅವನ ಬೆನ್ನಿಗೇ ಯೆಹೂದ್ಯರ ನಿಯೋಗವೂ ಹೋಯಿತು. ಯೇಸು ಈ ಕಥೆ ಹೇಳಿದ್ದು ಯೆರಿಕೋ ಪಟ್ಟಣದ ಕಡೆ. ಅರ್ಖೆಲಾಯನ ಅರಮನೆ ಇದ್ದದ್ದೂ ಅಲ್ಲೇ.

ನಾನು ತಲೆ ತಿರುಗಿದವನಂತೆ ಎದ್ದು ನಿಂತು, “ಮೂರನೇ ಆಳೇ ಕಥೆಯ ನಾಯಕ!” ಅಂತ ಘೋಷಿಸಿದೆ. ವಯಸ್ಸಾದ ಒಬ್ಬರು ಅಮ್ಮ ಕೇಳಿದರು, “ಹಾಗಾದ್ರೆ ಇಷ್ಟು ವರ್ಷ ನೀವೇ ಹೇಳಿದ್ದು ಸುಳ್ಳಾ ಅಪ್ಪಾ?” ಒಂದು ಬಾಗಿಲು ಮುಚ್ಚಿ ಇನ್ನೊಂದು ಬಾಗಿಲನ್ನೂ ನಾನೇ ಮುಚ್ಚಿದ್ದೆ. ಈಗ ಎರಡೂ ಓದನ್ನು ಮುಂದಿಟ್ಟು ಕೂರುತ್ತೇನೆ. ಬಾಯಿ ಮುಚ್ಚಿಕೊಂಡಿರುವುದು ನನಗೆ ಇನ್ನೂ ಕಷ್ಟವೇ.

ಶಾಂತಿಯ ವಿಷಯಕ್ಕೆ ಬಂದಾಗ ನಮ್ಮ ಭಾಷೆಯೇ ಕಾಲಿಗೆ ತೊಡರಿತು. ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಅದು ‘ಸಮಾಧಾನ’. ಮನೆಯಲ್ಲಿ ಸಮಾಧಾನ ಮಾಡುವುದು ಅಂದರೆ ಅಳುವವರನ್ನು ಸುಮ್ಮನಾಗಿಸುವುದು. ನಾನು ಕಲಿಸಿದ್ದೂ ಅದನ್ನೇ. ರೋಮಿನವರ ಶಾಂತಿಯೂ ಹಾಗೇ ಇತ್ತು. ಕ್ರಿ.ಪೂ. 9ರಲ್ಲಿ ರೋಮಿನಲ್ಲಿ ಚಕ್ರವರ್ತಿ ಅಗಸ್ಟಸನ ಶಾಂತಿಯ ಹೆಸರಲ್ಲಿ ಬಲಿಪೀಠ ಎದ್ದಿತು. ಐದು ವರ್ಷಕ್ಕೆ ಸಿರಿಯದ ರೋಮನ್ ಅಧಿಪತಿ ವಾರಸನ ಸೈನ್ಯ ಯೇಸುವಿನ ನಾಡಿನ ದಂಗೆ ಅಡಗಿಸಲು ಬಂದು ಸೆಪ್ಫೋರಿಸ್ ಪಟ್ಟಣ ಸುಟ್ಟಿತು, ದೇಶದಲ್ಲಿ ಸುಮಾರು 2,000 ಜನರನ್ನು ಶಿಲುಬೆಗೆ ಏರಿಸಿತು. ಸೆಪ್ಫೋರಿಸ್ ಯೇಸು ಬೆಳೆದ ನಜರೇತಿನಿಂದ ಒಂದೆರಡು ತಾಸಿನ ನಡಿಗೆ.

ಇದನ್ನು ತಿಳಿದ ಮೇಲೆ ‘ಒಂದು ಮೈಲಿ ಕರೆದವನ ಜೊತೆ ಎರಡು ಮೈಲಿ ಹೋಗು’ ಅನ್ನುವ ಯೇಸುವಿನ ಮಾತು ಬೇರೆ ಥರ ಕೇಳಿಸಿತು. ಸೈನಿಕರು ಜನರನ್ನು ಬಿಟ್ಟಿ ಹಿಡಿದು ಹೊರೆ ಹೊರಿಸುತ್ತಿದ್ದ ಕಾಲ ಅದು. ಸೈನಿಕರು ಕುರೇನೆಯ ಸೀಮೋನ ಅನ್ನುವವನನ್ನು ಹಿಡಿದು ಯೇಸುವಿನ ಶಿಲುಬೆ ಹೊರಿಸುವಾಗ ಮತ್ತಾಯ ಬಳಸುವುದೂ ಈ ಮೈಲಿಯ ಮಾತಿನಲ್ಲಿರುವ ಅದೇ ಗ್ರೀಕ್ ಪದ. ‘ಹಾಗಾದರೆ ಎರಡನೇ ಮೈಲಿ ತಗ್ಗಿ ನಡೆಯುವುದೋ, ನಾನು ನಿನ್ನ ಆಳಲ್ಲ ಅಂತ ತೋರಿಸುವುದೋ?’ ಒಂದು ಸಾಯಂಕಾಲ ಪೂರ್ತಿ ಇದಕ್ಕೇ ಹೋಯಿತು. ಯಾರೂ ಕತ್ತಿ ಹಿಡಿ ಅನ್ನಲಿಲ್ಲ. ಯಾರೂ ಸುಮ್ಮನಿರಿ ಅಂತಲೂ ಅನ್ನಲಿಲ್ಲ.

ಹೋದ ತಿಂಗಳು ಜಕ್ಕಾಯನ ಸರದಿ, ಯೇಸು ಮನೆಗೆ ಹೋಗಿ ಉಳಿದ ಶ್ರೀಮಂತ ಸುಂಕದ ಅಧಿಕಾರಿ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಹೋದವರಿಗೆ ನಾಲ್ಕರಷ್ಟು ವಾಪಸ್ ಅನ್ನುತ್ತಾನೆ. ಕಟ್ಟಡದ ಕೆಲಸದ ಅದೇ ಅಣ್ಣ ಬೋರ್ಡಿನ ಹತ್ತಿರ ಬಂದು ಸೀಮೆಸುಣ್ಣ ತೆಗೆದುಕೊಂಡರು. ಉಳಿದ ಅರ್ಧವನ್ನು ನಾಲ್ಕರಿಂದ ಭಾಗಿಸಿದರು. “ನೋಡಿ, ಆಸ್ತಿಯ ಎಂಟನೇ ಒಂದು ಪಾಲಿಗಿಂತ ಜಾಸ್ತಿ ಮೋಸದ ದುಡ್ಡಾಗಿದ್ರೆ ಇವನು ಅವತ್ತೇ ದಿವಾಳಿ.”

ಆ ಅಮ್ಮ ಕನ್ನಡಕ ಸರಿ ಮಾಡಿಕೊಂಡು ಬೋರ್ಡನ್ನೇ ನೋಡಿದರು. “ಮತ್ತೆ ಯೇಸುಸ್ವಾಮಿಗೆ ಆ ರಾತ್ರಿ ಊಟ ಹಾಕಿದ್ದು ಯಾರ ದುಡ್ಡಲ್ಲಿ?”