ಊರಿನ ಸಿಮ್ ತೆಗೆಯದೆ ಲೋಕಲ್ ಸಿಮ್: ವಿದೇಶದಲ್ಲಿ ನನ್ನ ಅನುಭವ

ಊರಿನ ಸಿಮ್ ಫೋನ್‌ನಲ್ಲೇ ಇರಬೇಕು. ಅದರಿಂದ ಒಂದು ಪೈಸೆಯೂ ಖರ್ಚಾಗಬಾರದು. ಬ್ಯಾಂಕಿನ ಓಟಿಪಿ ಮಾತ್ರ ತಪ್ಪದೆ ಬರಬೇಕು. ಮ್ಯಾಪ್, ಕರೆ, ಟಿಕೆಟ್, ಉಳಿದ ಎಲ್ಲವೂ ಆ ದೇಶದ ಸಿಮ್‌ನಲ್ಲೇ ನಡೆಯಬೇಕು. ನಾನು ಹೀಗೆ ಮಾಡ್ತೀನಿ ಅಂದಾಗ ಜಾಸ್ತಿ ಓಡಾಡುವ ಗೆಳೆಯರೆಲ್ಲ ತಲೆ ಅಲ್ಲಾಡಿಸಿದರು. "ರೋಮಿಂಗ್ ಆಫ್ ಮಾಡಿದ್ರೆ ಓಟಿಪಿ ಬರಲ್ಲ. ಆನ್ ಮಾಡಿದ್ರೆ ಬಿಲ್ ಬರುತ್ತೆ. ಸುಮ್ನೆ ರೋಮಿಂಗ್ ಪ್ಯಾಕ್ ಹಾಕ್ಕೊಂಡು ಹೋಗು" ಅಂದರು. ಈಗ ಬೇರೆ ಬೇರೆ ದೇಶಗಳಲ್ಲಿ ಇದು ಸರಿಯಾಗಿ ನಡೆದಿದೆ. ಊರಿನ ನಂಬರಿನ ಬಿಲ್ ಸೊನ್ನೆ. ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಅನ್‌ಲಾಕ್ ಆಗಿರಬೇಕು (ಯಾವ ಕಂಪನಿಯ ಸಿಮ್ ಆದರೂ ನಡೆಯಬೇಕು), ಪಾಸ್‌ಪೋರ್ಟ್ ಕೈಯಲ್ಲಿರಬೇಕು, ಸಿಮ್ ಟ್ರೇ ತೆಗೆಯುವ ಪಿನ್ ಜೇಬಿನಲ್ಲಿರಬೇಕು ಅನ್ನೋದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ.

ಬೇರು ಇರುವುದು ಇಲ್ಲಿ. ರೋಮಿಂಗ್‌ಗೆ ಎರಡು ಸ್ವಿಚ್ ಇವೆ. ಒಂದು, ಸಿಮ್ ಕೊಟ್ಟ ಕಂಪನಿಯ ಕಡೆ. ಅವರು ಆನ್ ಮಾಡದಿದ್ದರೆ ನಿಮ್ಮ ಸಿಮ್‌ಗೆ ಹೊರದೇಶದ ಟವರ್ ಜಾಗವೇ ಕೊಡುವುದಿಲ್ಲ. ಇನ್ನೊಂದು ಫೋನ್ ಒಳಗೆ, ಡೇಟಾ ರೋಮಿಂಗ್ ಅಂತ. ಅದು ಇಂಟರ್ನೆಟ್‌ಗೆ ಮಾತ್ರ. ಎಸ್ಸೆಮ್ಮೆಸ್ ಆ ದಾರಿಯಲ್ಲಿ ಬರಲ್ಲ. ಟವರ್ ಮತ್ತು ಫೋನ್ ಮಾತಾಡಿಕೊಳ್ಳುವ ಸಿಗ್ನಲಿಂಗ್ ದಾರಿಯಲ್ಲಿ ಬರುತ್ತದೆ. ಹಾಗಾಗಿ ಕಂಪನಿಯ ಸ್ವಿಚ್ ಆನ್, ಫೋನಿನ ಸ್ವಿಚ್ ಆಫ್. ಬಹಳಷ್ಟು ಕಂಪನಿಗಳು ಬರುವ ಎಸ್ಸೆಮ್ಮೆಸ್‌ಗೆ ದುಡ್ಡು ಹಾಕುವುದಿಲ್ಲ. ನಿಮ್ಮ ಪ್ಲಾನ್‌ನಲ್ಲಿ ಏನಿದೆ ಅಂತ ಹೊರಡುವ ಮುಂಚೆ ಓದಿಕೊಳ್ಳಿ.

ಇಷ್ಟಕ್ಕೇ ಮುಗಿಯಲಿಲ್ಲ. ಮೊದಲ ಸಲ ಹೀಗೆ ಸೆಟ್ ಮಾಡಿಕೊಂಡು ಹೋದಾಗ ಡೇಟಾ ಆಫ್ ಇದ್ದರೂ ಬಿಲ್ ಬಂತು. ಗೆಳೆಯರಿಗೆ ಖುಷಿಯೋ ಖುಷಿ. ಹುಡುಕಿದಾಗ ಸಿಕ್ಕಿದ್ದು ಕಾಲ್ ಫಾರ್ವರ್ಡಿಂಗ್. ಎತ್ತದೆ ಬಿಟ್ಟ ಕರೆ ವಾಯ್ಸ್‌ಮೇಲ್‌ಗೆ ಹೋಗುವ ಹಾಗೆ ಕೆಲವು ಕಂಪನಿಗಳೇ ಮೊದಲಿನಿಂದ ಇಟ್ಟಿರುತ್ತವೆ. ಹೊರದೇಶದಲ್ಲಿ ಇದ್ದಾಗ ಆ ಕರೆ ಮೊದಲು ನಿಮ್ಮ ಹತ್ತಿರ ಬರುತ್ತದೆ, ನೀವು ಎತ್ತಲಿಲ್ಲ ಅಂತ ಮತ್ತೆ ಊರಿನ ವಾಯ್ಸ್‌ಮೇಲ್‌ಗೆ ವಾಪಸ್ ಹೋಗುತ್ತದೆ. ಬಂದ ದಾರಿಗೂ ದುಡ್ಡು, ಹೋದ ದಾರಿಗೂ ದುಡ್ಡು. ನೀವು ಮಾತೇ ಆಡಿಲ್ಲ! ಈಗ ಊರು ಬಿಡುವ ಮುಂಚೆ ##002# ಡಯಲ್ ಮಾಡುತ್ತೇನೆ. ಎಲ್ಲ ಫಾರ್ವರ್ಡಿಂಗ್ ಒಂದೇ ಏಟಿಗೆ ಹೋಗುತ್ತದೆ. ಆಮೇಲೆ ಆ ತರಹದ ಬಿಲ್ ಒಂದೂ ಬಂದಿಲ್ಲ.

ಇನ್ನೊಂದು ಸೋರಿಕೆ ಐಫೋನ್‌ನದ್ದು. ಹೊಸ ಸಿಮ್ ಕಂಡ ಕೂಡಲೇ ಆ್ಯಪಲ್‌ನ ಮೆಸೇಜ್ ಸೇವೆ ಐಮೆಸೇಜ್ ನಂಬರ್ ನೋಂದಾಯಿಸಲು ಕಣ್ಣಿಗೆ ಕಾಣದ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಅದು ಅಂತರರಾಷ್ಟ್ರೀಯ ಎಸ್ಸೆಮ್ಮೆಸ್ ಲೆಕ್ಕಕ್ಕೆ ಹೋಗಬಹುದು. ಮೊತ್ತ ಚಿಕ್ಕದು. ಆದರೆ ಪ್ರೀಪೇಯ್ಡ್‌ನಲ್ಲಿ ಕಡಿಮೆ ಬ್ಯಾಲೆನ್ಸ್ ಇದ್ದರೆ ಅದೇ ಸಾಕು ಖಾಲಿ ಮಾಡಲು. ಸಿಮ್ ಹಾಕುವ ಮುಂಚೆ ಐಮೆಸೇಜ್ ಮತ್ತು ಫೇಸ್‌ಟೈಮ್ ಎರಡೂ ಆಫ್ ಮಾಡಿಬಿಡಿ. ಹಾಗೇ ಡೇಟಾ ತಾನಾಗಿಯೇ ಇನ್ನೊಂದು ಸಿಮ್‌ಗೆ ಜಾರುವ ಆಯ್ಕೆ ಇರುತ್ತದಲ್ಲ, ಅದನ್ನೂ ಆಫ್ ಮಾಡಿ. ಲೋಕಲ್ ಸಿಗ್ನಲ್ ಸ್ವಲ್ಪ ಕುಗ್ಗಿದರೂ ಫೋನ್ ಊರಿನ ಸಿಮ್ ಕಡೆ ನೋಡುತ್ತದೆ. ಅದು ನಮಗೆ ಬೇಡ.

ಓಟಿಪಿ ವಿಷಯದಲ್ಲಿ ಜಾಸ್ತಿ ಒದ್ದಾಡಿದ್ದೇನೆ. ಒಂದು ಊರಿನಲ್ಲಿ ಸಿಗ್ನಲ್ ಕಡ್ಡಿ ತುಂಬ ಇದ್ದವು, ಎಸ್ಸೆಮ್ಮೆಸ್ ಮಾತ್ರ ಇಲ್ಲ. ರೈಲು ಟಿಕೆಟ್‌ನ ಪುಟದಲ್ಲಿ ಗಡಿಯಾರ ಓಡುತ್ತಿದೆ, ಓಟಿಪಿ ಇಲ್ಲ, ಟಿಕೆಟ್ ಹೋಯಿತು. ಮತ್ತೆ ಬುಕ್ ಮಾಡುವಾಗ ರೇಟು ಒಂದೂವರೆ ಪಟ್ಟು ಆಗಿತ್ತು. ಏರ್‌ಪ್ಲೇನ್ ಮೋಡ್ ಹಾಕಿ ತೆಗೆದೆ, ಆಗಲಿಲ್ಲ. ಫೋನ್ ರೀಸ್ಟಾರ್ಟ್ ಮಾಡಿದೆ, ಆಗಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ನೆಟ್‌ವರ್ಕ್ ಆಟೋಮ್ಯಾಟಿಕ್ ತೆಗೆದು ಕೈಯಾರೆ ಆರಿಸಿದ್ದು. ಪಟ್ಟಿ ಬರಲು ಎರಡು ಮೂರು ನಿಮಿಷ ಹಿಡಿಯುತ್ತದೆ, ತಾಳ್ಮೆ ಬೇಕು. ಪಟ್ಟಿಯಲ್ಲಿ ಎರಡನೆಯ ಕಂಪನಿ ಒತ್ತಿದೆ. ಅರ್ಧ ನಿಮಿಷವೂ ಆಗಿರಲಿಲ್ಲ, ನಿಂತಿದ್ದ ಓಟಿಪಿಗಳೆಲ್ಲ ಸಾಲಾಗಿ ಬಂದು ಬಿದ್ದವು. ಅಂದಿನಿಂದ ದೇಶಕ್ಕೆ ಇಳಿದ ಕೂಡಲೇ ಒಂದು ಟೆಸ್ಟ್ ಎಸ್ಸೆಮ್ಮೆಸ್ ತರಿಸಿಕೊಳ್ಳುತ್ತೇನೆ. ಬರಲಿಲ್ಲ ಅಂದರೆ ಬೇರೆ ಟವರ್ ಕಂಪನಿ. ಯಾವುದನ್ನು ಮೊದಲು ಒತ್ತಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ, ಎರಡು ಮೂರು ದೇಶ ಸುತ್ತಿದರೆ ನಿಮಗೂ ಹೊಳೆಯುತ್ತದೆ.

ಊರಿನ ಸಿಮ್ ತೆಗೆದು ಪರ್ಸ್‌ನಲ್ಲಿ ಇಡುವವರಿಗೆ ಒಂದು ಮಾತು. ಕೆಲವು ಬ್ಯಾಂಕ್ ಆ್ಯಪ್‌ಗಳು ಸಿಮ್ ಫೋನ್‌ನಲ್ಲೇ ಇದೆಯಾ ಅಂತ ನೋಡುತ್ತವೆ. ಸಿಮ್ ಕಾಣದಿದ್ದರೆ ಲಾಗೌಟ್. ಮತ್ತೆ ಒಳಗೆ ಹೋಗಬೇಕಾದರೆ ಅದೇ ಸಿಮ್‌ನಿಂದ ಎಸ್ಸೆಮ್ಮೆಸ್ ಹೋಗಬೇಕು. ನಾನು ಹೋದಾಗ ವಾಟ್ಸ್ಆ್ಯಪ್ ಹಾಗಿರಲಿಲ್ಲ, ಒಮ್ಮೆ ವೆರಿಫೈ ಆದರೆ ಹಳೆಯ ನಂಬರಿನಲ್ಲೇ ನಡೆಯುತ್ತಿತ್ತು. ನಂಬರ್ ಬದಲಾಯಿಸಲೇ ಅಂತ ಕೇಳಿದರೆ ಬೇಡ ಅನ್ನಿ, ಅಷ್ಟೇ.

ಈಗ ದುಡ್ಡಿನ ಮಾತು. ನನ್ನ ಲೆಕ್ಕದಲ್ಲಿ ಒಂದು ವಾರದ ರೋಮಿಂಗ್ ಪ್ಯಾಕ್‌ಗೆ ಹೋಗುವ ದುಡ್ಡಲ್ಲಿ ತಿಂಗಳಿಡೀ ಓಡುವ ಎರಡು ಮೂರು ಲೋಕಲ್ ಸಿಮ್ ಸಿಗುತ್ತವೆ. ಅದೂ ನಗರದ ಒಳಗೆ ತಗೊಂಡರೆ. ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಒಂದೂವರೆ ಪಟ್ಟು, ಕೆಲವು ಕಡೆ ಎರಡು ಪಟ್ಟು. ಆ ಕೌಂಟರ್‌ಗಳಲ್ಲಿ ಗೋಡೆಯ ಮೇಲೆ ಪ್ರವಾಸಿಗರ ಪ್ಲಾನ್ ಮಾತ್ರ ಅಂಟಿಸಿರುತ್ತಾರೆ. ಕಂಪನಿಯ ಮಾಮೂಲಿ ಪ್ರೀಪೇಯ್ಡ್ ಪ್ಲಾನ್ ಕೇಳಿದರೆ ಕೆಲವರು ಡ್ರಾಯರ್ ಎಳೆದು ಕೊಡುತ್ತಾರೆ. ಕೇಳಬೇಕು, ಅಷ್ಟೇ. ಒಂದು ಕಡೆ ನನಗೆ ಅನ್‌ಲಿಮಿಟೆಡ್ ಅಂತ ಹೇಳಿ ಕೊಟ್ಟರು. ನಾಲ್ಕೈದು ಜಿಬಿ ಆದ ಮೇಲೆ ವೇಗ 128 ಕೆಬಿಪಿಎಸ್‌ಗೆ ಇಳಿಯಿತು. ಮೆಸೇಜ್ ಹೋಗುತ್ತದೆ, ಮ್ಯಾಪ್ ಬೂದುಬಣ್ಣದಲ್ಲೇ ನಿಲ್ಲುತ್ತದೆ. ಈಗ ಅನ್‌ಲಿಮಿಟೆಡ್ ಅಂದ ಕೂಡಲೇ ನಾನು ಕೇಳುವ ಪ್ರಶ್ನೆ ಎಷ್ಟು ಜಿಬಿ ಆದ ಮೇಲೆ ನಿಧಾನ ಆಗುತ್ತೆ ಅಂತ. ಹಾಟ್‌ಸ್ಪಾಟ್‌ಗೆ ಬಿಡ್ತೀರಾ ಅಂತ ಇನ್ನೊಂದು.

ನಿಜವಾಗಿ ಎಷ್ಟು ಡೇಟಾ ಬೇಕು ಅಂತ ನೋಡಲು ಒಂದು ಪ್ರಯೋಗ ಮಾಡಿದೆ. ಬೆಳಿಗ್ಗೆ ಫೋನಿನ ಡೇಟಾ ಲೆಕ್ಕ ಸೊನ್ನೆ ಮಾಡಿ ಒಂದೊಂದೇ ಕೆಲಸ ಮಾಡಿ ನೋಡಿದೆ. ದಾರಿ ತೋರಿಸುವ ಮ್ಯಾಪ್ ಗಂಟೆಗೆ ಹೆಚ್ಚೆಂದರೆ 10 ಎಂಬಿ. ವಾಟ್ಸ್ಆ್ಯಪ್ ವಾಯ್ಸ್ ಕರೆ ಗಂಟೆಗೆ 30 ಎಂಬಿ ಆಸುಪಾಸು. ವಿಡಿಯೋ ಕರೆ 300 ದಾಟುತ್ತದೆ. ಎಲ್ಲಕ್ಕಿಂತ ಜಾಸ್ತಿ ತಿಂದದ್ದು ರಾತ್ರಿ ತಾನಾಗಿ ಮೇಲೆ ಹೋಗುವ ಫೋಟೋ ಬ್ಯಾಕಪ್. ಅದನ್ನು ವೈಫೈಗೆ ಕಟ್ಟಿಹಾಕಿದ ಮೇಲೆ ಅತಿ ಚಿಕ್ಕ ಪ್ಲಾನೇ ನನಗೆ ಸಾಕಾಯಿತು. ದೊಡ್ಡ ಪ್ಲಾನ್ ತಗೊಂಡ ಗೆಳೆಯ ಅರ್ಧ ಡೇಟಾ ಹಾಗೇ ಬಿಟ್ಟು ಬಂದ.

ಬ್ಯಾಂಡ್ ಅಂದರೆ ಟವರ್ ಮತ್ತು ಫೋನ್ ಮಾತಾಡಿಕೊಳ್ಳುವ ತರಂಗಾಂತರ. ಈ ವಿಷಯ ಹಗುರವಾಗಿ ತಗೊಳ್ಳಬೇಡಿ. ಸಿಮ್ ಒಳ್ಳೆಯದು, ಕಂಪನಿ ಒಳ್ಳೆಯದು, ಫೋನ್‌ನಲ್ಲಿ ಆ ಬ್ಯಾಂಡ್ ಇಲ್ಲ ಅಂದರೆ ನಗರದ ಹೊರಗೆ ಹೋದ ಕೂಡಲೇ ಸಿಗ್ನಲ್ ಮಾಯ. ಯುರೋಪಿನ ಹಳ್ಳಿ ಕಡೆ ಬ್ಯಾಂಡ್ 20 ಬೇಕು. ಜಪಾನ್‌ನಲ್ಲಿ ಡೊಕೊಮೊ ಕಂಪನಿಯ ಟವರ್ ಮೇಲೆ ನಿಂತ ಸಿಮ್ ಆದರೆ ಬ್ಯಾಂಡ್ 19. ಅಮೆರಿಕದಲ್ಲಿ 12, 13, 71, ಯಾವ ಕಂಪನಿ ಅನ್ನುವುದರ ಮೇಲೆ. ನನ್ನ ಹಳೆಯ ಫೋನ್‌ನಲ್ಲಿ ಬ್ಯಾಂಡ್ 20 ಇರಲಿಲ್ಲ. ನಗರದಲ್ಲಿ ಚಿನ್ನದಂತೆ ಓಡಿದ ಸಿಮ್ ಬೆಟ್ಟದ ಊರಿನಲ್ಲಿ ಸತ್ತೇಹೋಯಿತು. ಪಕ್ಕದವನ ಫೋನ್‌ನಲ್ಲಿ ಅದೇ ಕಂಪನಿ ತುಂಬು ಸಿಗ್ನಲ್. ಫೋನ್ ಬದಲಾಯಿಸಿದ ಖರ್ಚು ಸಿಮ್‌ಗಿಂತ ಎಷ್ಟೋ ಪಟ್ಟು ಜಾಸ್ತಿ, ಆದರೆ ಆ ಫೋನ್ ಈಗಲೂ ದುಡಿಯುತ್ತಿದೆ.

ಹಳೆಯ ಫೋನ್ ಒಯ್ಯುವವರು ಇನ್ನೊಂದು ನೋಡಬೇಕು. ಹಲವು ದೇಶಗಳು 2ಜಿ, 3ಜಿ ಮುಚ್ಚಿವೆ. ಸಿಂಗಪುರ 2017ರಲ್ಲೇ 2ಜಿ ನಿಲ್ಲಿಸಿತು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಗಿಸಿದವು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್‌ನಲ್ಲಿ 3ಜಿ ಹೋಯಿತು, ತುರ್ತು ಕರೆಯನ್ನು 4ಜಿ ಮೇಲೆ ಮಾಡಲಾಗದ ಫೋನ್‌ಗಳನ್ನು ನೆಟ್‌ವರ್ಕ್‌ನಿಂದಲೇ ಹೊರಗಿಟ್ಟರು. ಟರ್ಕಿಯಲ್ಲಿ ಲೆಕ್ಕವೇ ಬೇರೆ. ಹೊರಗಿನ ಫೋನ್‌ಗೆ ಅಲ್ಲಿನ ಸಿಮ್ ಹಾಕಿದರೆ 120 ದಿನ ನಡೆಯುತ್ತದೆ. ಆಮೇಲೆ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ನೋಂದಾಯಿಸಿ ದುಡ್ಡು ಕಟ್ಟದಿದ್ದರೆ ಅಲ್ಲಿನ ಸಿಮ್‌ಗೆ ಆ ಫೋನ್ ನಡೆಯುವುದಿಲ್ಲ. ಸಣ್ಣ ಪ್ರವಾಸಕ್ಕೆ ತೊಂದರೆ ಇಲ್ಲ, ಹೋಗಿ ಉಳಿಯುವವರು ಮಾತ್ರ ನೋಡಿಕೊಳ್ಳಿ.

ಎಪಿಎನ್‌ನಲ್ಲಿ (ಸಿಮ್‌ನ ಡೇಟಾ ಯಾವ ದಾರಿಯಲ್ಲಿ ಇಂಟರ್ನೆಟ್‌ಗೆ ಹೋಗಬೇಕು ಅನ್ನುವ ಸೆಟ್ಟಿಂಗ್) ಒಂದು ಸಂಜೆ ಪೂರ್ತಿ ಕಳೆದಿದ್ದೇನೆ. 4ಜಿ ಅಂತ ಮೇಲೆ ಕಾಣುತ್ತಿದೆ, ಒಂದು ಪುಟವೂ ತೆರೆಯಲ್ಲ. ಎಪಿಎನ್ ಸರಿಯಾಗಿ ತುಂಬಿದೆ, ಆದರೂ ಇಲ್ಲ. ಅಂಗಡಿಯವರು ಸಿಮ್ ಬದಲಾಯಿಸಿ ಕೊಟ್ಟರು, ಅದೂ ಇಲ್ಲ. ಹಿಂದಿನ ದೇಶದ ಸಿಮ್‌ಗೆ ಅಂತ ಹಾಕಿಸಿದ್ದ ಪ್ರೊಫೈಲ್ ಒಂದು ಫೋನ್ ಒಳಗೆ ಕೂತಿತ್ತು. ಹೊಸ ಸಿಮ್‌ಗೂ ಹಳೆಯ ಎಪಿಎನ್ ಕೊಡುತ್ತಿತ್ತು. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಜನರಲ್ ಒಳಗೆ ಹೋಗಿ ಅದನ್ನು ಅಳಿಸಿದ ಕ್ಷಣದಲ್ಲೇ ಮೆಸೇಜ್‌ಗಳು ಸುರಿಯತೊಡಗಿದವು. ಮೂರು ಅಂಗಡಿಯವರಿಗೆ ಗೊತ್ತಾಗದೇ ಇದ್ದದ್ದು ಇದು.

ಕಾರ್ಡ್ ಇಲ್ಲದೆ ಫೋನ್ ಒಳಗೇ ಇಳಿಸಿಕೊಳ್ಳುವ ಇ-ಸಿಮ್ ಬಂದ ಮೇಲೆ ಲೋಕಲ್ ಸಿಮ್ ಯಾಕೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಪ್ರವಾಸಿ ಇ-ಸಿಮ್ ಬಹಳಷ್ಟು ಸಲ ಆ ದೇಶದ್ದಲ್ಲ. ಬೇರೆ ಯಾವುದೋ ದೇಶದ ಕಂಪನಿಯದ್ದು, ಅಲ್ಲಿಗೆ ರೋಮಿಂಗ್‌ನಲ್ಲಿ ಬಂದಿರುತ್ತದೆ. ಅದಕ್ಕೇ ಆ ಲೈನ್‌ನಲ್ಲಿ ಡೇಟಾ ರೋಮಿಂಗ್ ಆನ್ ಮಾಡದೆ ಓಡುವುದಿಲ್ಲ. ಡೇಟಾ ಮೊದಲು ಆ ಕಂಪನಿಯ ಊರಿಗೆ ಹೋಗಿ ಅಲ್ಲಿಂದ ಇಂಟರ್ನೆಟ್‌ಗೆ ಸೇರುತ್ತದೆ. ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಸಮಯ) ನೋಡಿದೆ: ಲೋಕಲ್ ಸಿಮ್‌ನಲ್ಲಿ 30ರಿಂದ 40 ಮಿಲಿಸೆಕೆಂಡ್, ಇ-ಸಿಮ್‌ನಲ್ಲಿ 250 ದಾಟಿತು. ಪುಟ ನೋಡಲು ಸಾಕು, ಕರೆ ಮಾತ್ರ ತಡವರಿಸುತ್ತದೆ. ಚೀನಾದಲ್ಲಿ ಈ ಸುತ್ತು ದಾರಿಯೇ ಲಾಭ. ಹೊರಗಿನ ಸಿಮ್‌ನ ಡೇಟಾ ಹೊರಗೇ ಹೋಗುವುದರಿಂದ ಅಲ್ಲಿ ತಡೆದ ಆ್ಯಪ್‌ಗಳು ತೆರೆಯುತ್ತವೆ, ಅಲ್ಲಿನ ಲೋಕಲ್ ಸಿಮ್‌ನಲ್ಲಿ ತೆರೆಯುವುದಿಲ್ಲ. ಬೇರೆ ಕಡೆ ನನ್ನ ಮತ ಲೋಕಲ್ ಸಿಮ್‌ಗೇ. ಟ್ಯಾಕ್ಸಿಯವನಿಗೆ ಫೋನ್ ಮಾಡಲು ಅಲ್ಲಿನ ನಂಬರ್ ಇರುತ್ತದೆ ಅನ್ನುವುದೇ ದೊಡ್ಡದು. ಜಪಾನ್‌ನಲ್ಲಿ ಮಾತ್ರ ಪ್ರವಾಸಿಗರಿಗೆ ಸಿಗುವುದು ಹೆಚ್ಚಾಗಿ ಡೇಟಾ ಸಿಮ್.

ಊರಿನ ಸಿಮ್ಮನ್ನು ಇ-ಸಿಮ್ ಮಾಡಿಸಿ ಟ್ರೇ ಖಾಲಿ ಮಾಡಿಕೊಳ್ಳಿ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪಲ್ಲ. ಫೋನ್ ಬಿದ್ದು ಒಡೆದರೆ ಕಾರ್ಡ್ ಸಿಮ್ ತೆಗೆದು ಯಾವ ಫೋನ್‌ಗಾದರೂ ಹಾಕಬಹುದು. ಇ-ಸಿಮ್ ಮತ್ತೆ ತರಿಸಿಕೊಳ್ಳಲು ಓಟಿಪಿ ಕೇಳುತ್ತಾರೆ, ಆ ಓಟಿಪಿ ಒಡೆದ ಫೋನ್‌ನಲ್ಲೇ ಬರಬೇಕು! 2022ರ ಐಫೋನ್ 14ರಿಂದ ಮುಂದಕ್ಕೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಟ್ರೇ ಇಲ್ಲ, ಅವರಿಗೆ ಬೇರೆ ದಾರಿ ಇಲ್ಲ. ಟ್ರೇ ಇರುವವರು ಅದನ್ನು ಊರಿನ ಸಿಮ್‌ಗೇ ಕೊಡಿ.

ಹಾಗಾದರೆ ಒಂದೇ ಟ್ರೇ ಇದ್ದು, ಲೋಕಲ್ ಅಂಗಡಿಯಲ್ಲಿ ಕಾರ್ಡ್ ಮಾತ್ರ ಕೊಟ್ಟರೆ? ಇಲ್ಲಿಂದ ಶುರುವಾದ ಅಡ್ಡ ಪ್ರಯೋಗ ನನಗೆ ಬಹಳ ಇಷ್ಟವಾದದ್ದು. ಮೂಲೆಯಲ್ಲಿದ್ದ ಹಳೆಯ ಫೋನ್‌ಗೆ ಲೋಕಲ್ ಸಿಮ್ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ ಚೀಲದಲ್ಲಿ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿ, ಪವರ್‌ಬ್ಯಾಂಕ್ ಬೇಕೇ ಬೇಕು. ಆದರೆ ಊರಿನ ಫೋನ್‌ಗೆ ಈಗ ವೈಫೈ ಸಿಕ್ಕಿತಲ್ವಾ, ಅದರಲ್ಲಿ ವೈಫೈ ಕಾಲಿಂಗ್, ಅಂದರೆ ಟವರ್ ಬದಲು ವೈಫೈ ಮೇಲೆ ಕರೆ ಬರುವ ವ್ಯವಸ್ಥೆ, ಎದ್ದು ಕೂತಿತು. ಊರಿನ ನಂಬರಿಗೆ ಬಂದ ಕರೆ ಊರಲ್ಲೇ ಕೂತು ಎತ್ತಿದ ಹಾಗೆ. ಕೆಲವು ಫೋನ್‌ಗಳಲ್ಲಿ ಎರಡನೇ ಫೋನ್ ಇಲ್ಲದೆಯೂ ಒಂದು ಸಿಮ್‌ನ ಡೇಟಾ ಮೇಲೆ ಇನ್ನೊಂದು ಸಿಮ್‌ನ ಕರೆ ಬರುತ್ತದೆ. ಎಲ್ಲ ಕಂಪನಿಗಳೂ ಹೊರದೇಶದಲ್ಲಿ ವೈಫೈ ಕಾಲಿಂಗ್ ಬಿಡುವುದಿಲ್ಲ, ಹೊರಡುವ ಮುಂಚೆ ಕೇಳಿ. ಬಿಡದ ಕಂಪನಿಯಲ್ಲೂ ಇದನ್ನು ಎಬ್ಬಿಸಿದ್ದೇನೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ.

ಗಡಿ ದಾಟುವಾಗ ಹುಷಾರು. ಯುರೋಪಿಯನ್ ಒಕ್ಕೂಟದ ಒಂದು ದೇಶದ ಸಿಮ್ 2017ರ ಜೂನ್ 15ರಿಂದ ಉಳಿದ ದೇಶಗಳಲ್ಲೂ ಅದೇ ದರದಲ್ಲಿ ಓಡುತ್ತದೆ. ಸ್ವಿಟ್ಜರ್ಲೆಂಡ್ ಆ ನಿಯಮದಲ್ಲಿ ಇಲ್ಲ. ರೈಲು ಅದರ ಮೂಲಕ ಹೋದರೆ ಬ್ಯಾಲೆನ್ಸ್ ಕರಗಬಹುದು. ನಾನು ಅಂಥ ಕಡೆ ಲೋಕಲ್ ಸಿಮ್‌ನ ಡೇಟಾ ರೋಮಿಂಗ್ ಕೂಡ ಆಫ್ ಮಾಡುತ್ತೇನೆ. ಹಡಗು ಹತ್ತಿದರೆ ಎರಡೂ ಸಿಮ್ ಏರ್‌ಪ್ಲೇನ್ ಮೋಡ್‌ಗೆ. ಹಡಗಿನ ಮೇಲಿನ ಟವರ್ ಯಾವ ದೇಶದ್ದೂ ಅಲ್ಲ, ಅದರ ದರ ಮಾಮೂಲಿ ಪ್ಯಾಕ್‌ಗಳಿಗೆ ಹೆಚ್ಚಾಗಿ ಸೇರಲ್ಲ.

ಇನ್ನು ಸಿಮ್ ಮುರಿದು ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಕಾರ್ಡ್. ಅದನ್ನು ಅಂಗಡಿಯವರು ಕಸದ ಬುಟ್ಟಿಗೆ ಹಾಕಲು ಹೊರಡುತ್ತಾರೆ, ಕೈ ಹಿಡಿದು ನಿಲ್ಲಿಸಿ. ಸಿಮ್‌ನ ಪಿನ್ ಮತ್ತು ಅದು ಲಾಕ್ ಆದರೆ ತೆರೆಯುವ ಪಿಯುಕೆ ಕೋಡ್ ಹೆಚ್ಚಾಗಿ ಅದರ ಮೇಲೇ ಇರುತ್ತವೆ, ಕೆಲವದರಲ್ಲಿ ಕೆರೆದು ನೋಡುವ ಬೂದು ಪಟ್ಟಿಯ ಕೆಳಗೆ. ಪಿನ್ ಮೂರು ಸಲ ತಪ್ಪಿದರೆ ಪಿಯುಕೆ ಕೇಳುತ್ತದೆ, ಅದು ಹತ್ತು ಸಲ ತಪ್ಪಿದರೆ ಸಿಮ್ ಮುಗಿದಂತೆ. ಬ್ಯಾಟರಿ ಸತ್ತು ಫೋನ್ ಆನ್ ಮಾಡಿದಾಗ ಯುರೋಪಿನ ಸಿಮ್‌ಗಳು ಬಹಳಷ್ಟು ಪಿನ್ ಕೇಳುತ್ತವೆ. ಮಧ್ಯರಾತ್ರಿ ಬಸ್ ನಿಲ್ದಾಣದಲ್ಲಿ ಆ ಕಾರ್ಡ್ ನನ್ನನ್ನು ಕಾಪಾಡಿದೆ. ಈಗ ಅಂಗಡಿಯಲ್ಲೇ ಅದರ ಫೋಟೋ ತೆಗೆಯುತ್ತೇನೆ, ಹಿಂದುಗಡೆಯ 89ರಿಂದ ಶುರುವಾಗುವ ಉದ್ದ ನಂಬರ್ ಸಮೇತ. ರೀಚಾರ್ಜ್ ಸರಿಹೋಗದಿದ್ದಾಗ ಕಂಪನಿಯವರು ಕೇಳುವುದು ಅದನ್ನೇ.

ಲೋಕಲ್ ನಂಬರನ್ನು ಯಾವ ಬ್ಯಾಂಕ್‌ಗೂ, ಯಾವ ಖಾತೆಗೂ ಕೊಡಬೇಡಿ. ಕೆಲವು ತಿಂಗಳು ರೀಚಾರ್ಜ್ ಇಲ್ಲದಿದ್ದರೆ ಅದು ಬೇರೆಯವರ ಕೈಗೆ ಹೋಗುತ್ತದೆ. ನನಗೆ ಸಿಕ್ಕ ಒಂದು ನಂಬರಿಗೆ ಹಳೆಯ ಮಾಲೀಕರ ಪಾರ್ಸೆಲ್ ಮೆಸೇಜ್‌ಗಳು ಇರುವಷ್ಟು ದಿನವೂ ಬಂದವು. ವಾಪಸ್ ಇಳಿದ ಮೇಲೆ ಡೇಟಾ ಲೈನ್ ಊರಿನ ಸಿಮ್‌ಗೆ ತಿರುಗಿಸಿ, ಫಾರ್ವರ್ಡಿಂಗ್ ಬೇಕಿದ್ದರೆ ಮತ್ತೆ ಹಾಕಿಸಿ. ಇ-ಸಿಮ್ ಆಗಿದ್ದರೆ ತಕ್ಷಣ ಅಳಿಸಬೇಡಿ, ಆಫ್ ಮಾತ್ರ ಮಾಡಿ. ಹಲವು ಕ್ಯೂಆರ್ ಕೋಡ್‌ಗಳು ಒಂದೇ ಸಲ ಕೆಲಸ ಮಾಡುವುದು, ಉಳಿದ ಡೇಟಾ ಮುಂದಿನ ಪ್ರಯಾಣಕ್ಕೆ ಆಗಬಹುದು.