ಮನೆ ಹಾಲಿನ ಹಸುವಿಗೆ ಮೇವು: ಎಷ್ಟು, ಹೇಗೆ?

ದಾವಣಗೆರೆ ಸುತ್ತಮುತ್ತ ಎತ್ತ ನೋಡಿದರೂ ಮೆಕ್ಕೆಜೋಳ. ಮನೆಗೊಂದು ಹಸು ಕಟ್ಟಿದವರು ಅದರ ನುಚ್ಚನ್ನೇ ಬಕೆಟ್‌ಗಟ್ಟಲೆ ಸುರಿದು, ಹಾಲು ಯಾಕೆ ಜಾಸ್ತಿ ಆಗ್ತಿಲ್ಲ ಅಂತ ಕೇಳುತ್ತಾರೆ. ಬರೀ ನುಚ್ಚಿನಿಂದ ಆಗಲ್ಲ.

ಮೊದಲು ಹಾಲು ಅಳೆಯಿರಿ, ಎರಡೂ ಹೊತ್ತಿನದು. ಹಸುವಿನ ಮೈಗೆಂದು ದಿನಕ್ಕೆ ಒಂದೂವರೆ ಕೆಜಿ ದಾಣಿ (ನುಚ್ಚು, ಹಿಂಡಿ, ಬೂಸಾ ಕಲಸಿದ್ದು), ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆಜಿ. 5 ಲೀಟರ್ ಕೊಡುವ ಹಸುವಿಗೆ ಮೂರೂವರೆ ಕೆಜಿ ಸಾಕು, ಎರಡು ಹೊತ್ತಿಗೆ ಹಂಚಿ.

ದಾಣಿ ಮನೆಯಲ್ಲೇ ಕಲಸಬಹುದು. ಮೆಕ್ಕೆಜೋಳದ ನುಚ್ಚು 4 ಪಾಲು, ಶೇಂಗಾ ಅಥವಾ ಹತ್ತಿಕಾಳು ಹಿಂಡಿ 3 ಪಾಲು, ಗೋಧಿ ಬೂಸಾ 3 ಪಾಲು. ದಿನಕ್ಕೆ 50 ಗ್ರಾಂ ಮಿನರಲ್ ಮಿಕ್ಸ್ಚರ್, ಸ್ವಲ್ಪ ಉಪ್ಪು. ಬೂಷ್ಟು ಹಿಡಿದ ಶೇಂಗಾ ಹಿಂಡಿ ಎಷ್ಟೇ ಅಗ್ಗಕ್ಕೆ ಸಿಗಲಿ, ತರಬೇಡಿ.

ಆದರೆ ಹೊಟ್ಟೆ ತುಂಬಬೇಕಾದ್ದು ಮೇವಿನಿಂದ. ಮಿಶ್ರತಳಿ ಹಸುವಿಗೆ ಹಸಿಹುಲ್ಲು 15ರಿಂದ 20 ಕೆಜಿ, ಒಣಮೇವು 5–6 ಕೆಜಿ. ಭದ್ರಾ ನಾಲೆ ಕಡೆಯವರಿಗೆ ಭತ್ತದ ಹುಲ್ಲು, ಉಳಿದವರಿಗೆ ಸೊಪ್ಪೆ (ಜೋಳದ ಒಣ ದಂಟು), ರಾಗಿ ಹುಲ್ಲು, ಶೇಂಗಾ ಹೊಟ್ಟು. ಸೊಪ್ಪೆ ಕತ್ತರಿಸಿ ಹಾಕಿ, ಇಲ್ಲಾಂದ್ರೆ ಎಲೆ ತಿಂದು ದಂಟನ್ನು ಕಾಲಡಿ ತುಳಿಯುತ್ತೆ. ಬಿಳಿಜೋಳದ ಎಳೆ ಪೈರು, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ್ದು, ವಿಷ. ಜಗಳೂರು, ಚಳ್ಳಕೆರೆ ಕಡೆಯವರು ಇಲ್ಲಿ ಜಾಗ್ರತೆ. ಹೂ ಬಿಟ್ಟ ಮೇಲೆ ಕೊಯ್ದು ಹಾಕಿ.

ನೀರು ಯಾವಾಗಲೂ ಬಾನಿಯಲ್ಲಿರಲಿ, ಬೇಸಿಗೆಯಲ್ಲಂತೂ ದಿನಕ್ಕೆ 60–80 ಲೀಟರ್ ಬೇಕು.

ಏನೇ ಹೊಸದು ಕೊಡುವುದಿದ್ದರೂ 8–10 ದಿನ ಹಿಡಿದು ಸ್ವಲ್ಪ ಸ್ವಲ್ಪ ಏರಿಸಿ. ಇದನ್ನ ನಾನು ಕಲಿತದ್ದು ಪೆಟ್ಟು ತಿಂದು. ಮನೆ ಗೃಹಪ್ರವೇಶದಲ್ಲಿ ಉಳಿದ ಅನ್ನವನ್ನ ಸುಮ್ನೆ ಯಾಕೆ ಚೆಲ್ಲೋದು ಅಂತ ಒಂದು ಬುಟ್ಟಿ ಹಸುವಿನ ಮುಂದೆ ಇಟ್ಟೆ, ಅದೂ ಗಬಗಬ ತಿಂತು, ರಾತ್ರಿ ಹೊತ್ತಿಗೆ ಮೆಲುಕು ನಿಂತು ಎಡಪಕ್ಕೆ ಉಬ್ಬಿತ್ತು, ಬೆರಳಲ್ಲಿ ತಟ್ಟಿದರೆ ತಮಟೆ ಸದ್ದು. ಡಾಕ್ಟರ್ ಬಂದು ಔಷಧಿ ಕೊಟ್ಟು ಉಳಿಸಿದರು, ಹಾಲು ಮಾತ್ರ ಒಂದು ವಾರ ಇಲ್ಲ. ದಿನದ ಕಲಗಚ್ಚು ಪರವಾಗಿಲ್ಲ, ಊಟದ ಮನೆಯ ಅನ್ನ ಬೇಡ.

ಗಬ್ಬದ ಹಸುವಿಗೆ ಏಳನೇ ತಿಂಗಳಿಂದ ಇನ್ನೊಂದು ಕೆಜಿ ದಾಣಿ ಜಾಸ್ತಿ ಮಾಡಿ, ಕೊನೆಯ ಎರಡು ತಿಂಗಳು ಹಾಲು ಕರೆಯಬೇಡಿ.

ಮೇವು ಸರಿ ಹೋಗ್ತಿದೆಯಾ ಅಂತ ತಿಳಿಯಲು ಬೆಳಗ್ಗೆ ಸಗಣಿ ಬಾಚುವಾಗ ಒಮ್ಮೆ ನೋಡಿ. ತೆಳ್ಳಗೆ ಹರಿದರೆ ದಾಣಿ ಜಾಸ್ತಿ ಆಗಿರಬಹುದು, ಒಣಮೇವು ಏರಿಸಿ. ಮೆಕ್ಕೆಜೋಳದ ಕಾಳು ಹಾಗೇ ಕಂಡರೆ ಮುಂದಿನ ಸಲ ಗಿರಣಿಯಲ್ಲಿ ಇನ್ನೂ ಸಣ್ಣಗೆ ಒಡೆಸಿ.