ಬೇಸಿಗೆಗೂ ಚಳಿಗೂ ಒಂದೇ ಆಯಿಲ್: ಮಂಡ್ಯದ ಕಬ್ಬಿನ ಲಾರಿಗಳಲ್ಲಿ ನನ್ನ ಅನುಭವ

ಎಂಜಿನ್ ಆಯಿಲಿನಲ್ಲಿ ಬೇಸಿಗೆಗೆ ದಪ್ಪ ಗ್ರೇಡಾದ 20ಡಬ್ಲ್ಯೂ-50, ಮಿಕ್ಕ ಕಾಲಕ್ಕೆ ಅದಕ್ಕಿಂತ ತೆಳುವಾದ 15ಡಬ್ಲ್ಯೂ-40 ಎಂಬುದು ನನ್ನ ಸುತ್ತಲಿನ ಲಾರಿ ಮಾಲೀಕರ ರೂಢಿ. ವರ್ಷವಿಡೀ 15ಡಬ್ಲ್ಯೂ-40 ಒಂದನ್ನೇ ಹಾಕುತ್ತೇನೆ ಎಂದಾಗ ಗ್ಯಾರೇಜಿನ ಮೇಸ್ತ್ರಿಯವರು, "ಏಪ್ರಿಲ್ ಬಿಸಿಲಿಗೆ ಬೇರಿಂಗ್ ಉಳಿಯಲ್ಲ ಸ್ವಾಮಿ, ಕ್ರ್ಯಾಂಕಿನ ದುಡ್ಡು ಈಗಲೇ ಎತ್ತಿಡಿ" ಎಂದಿದ್ದರು. ಆ ಬಳಿಕ ಹಲವು ಬೇಸಿಗೆಗಳು ಕಳೆದಿವೆ. ಬೇರಿಂಗಿಗಾಗಿ ಒಂದು ಎಂಜಿನ್ನನ್ನೂ ಬಿಚ್ಚಿಲ್ಲ.

ಹೊರಗೆ 38 ಡಿಗ್ರಿ ಇದ್ದರೂ ಥರ್ಮೋಸ್ಟಾಟ್ ಎಂಜಿನ್ ತಣಿಸುವ ಕೂಲೆಂಟನ್ನು 80ರಿಂದ 90 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುವುದರಿಂದ, ರೇಡಿಯೇಟರ್ ಸರಿಯಿರುವ ಲಾರಿಯಲ್ಲಿ ಆಯಿಲಿನ ಬಿಸಿ ಋತುವಿಗೆ ತಕ್ಕಂತೆ ಬಹಳ ಏರುವುದಿಲ್ಲ. ಚಳಿಯ ಮಾತಿಗೆ ಬಂದರೆ, 15ಡಬ್ಲ್ಯೂ ದರ್ಜೆಯ ಸ್ಟಾರ್ಟಿಂಗ್ ಪರೀಕ್ಷೆ ನಡೆಯುವುದೇ ಮೈನಸ್ 20 ಡಿಗ್ರಿಯಲ್ಲಿ. ಬಂಡೀಪುರದ ರಾತ್ರಿ ನಿರ್ಬಂಧದಿಂದಾಗಿ ಊಟಿಯಲ್ಲೇ ತಂಗಿದ ಲಾರಿಯೂ ಡಿಸೆಂಬರ್ ಬೆಳಗಿನಲ್ಲಿ ತೊಂದರೆ ಕೊಟ್ಟಿಲ್ಲ.

ನಮಗೆ ನಿಜವಾಗಿ ಕಾಟ ಕೊಡುವುದು ಕಬ್ಬು ಅರೆಯುವ ಕಾಲ. ಕಾರ್ಖಾನೆಯ ಯಾರ್ಡಿನಲ್ಲಿ ಎಂಜಿನ್ ಆರಿಸದೆ ನಿಂತಲ್ಲೇ ಗಂಟೆಗಟ್ಟಲೆ ಐಡ್ಲಿಂಗ್, ನಡುವೆ ಹತ್ತು ಮಾರು ಮುಂದಕ್ಕೆ, ಮತ್ತೆ ಐಡ್ಲಿಂಗ್. ಅರೆಬರೆ ಉರಿದ ಡೀಸೆಲ್ ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಇಳಿದು ಆಯಿಲ್ ತೆಳುವಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಕೂದಲೆಳೆಯಷ್ಟು ಏರಿದ್ದರೆ, ಒಂದು ಹನಿಯನ್ನು ಫಿಲ್ಟರ್ ಪೇಪರಿನ ಮೇಲೆ ಬಿಟ್ಟು ರಾತ್ರಿಯಿಡೀ ಒಣಗಲು ಬಿಡುತ್ತೇನೆ. ಕಪ್ಪು ನಡುವಿನಾಚೆ ಅಗಲವಾದ ತಿಳಿಹಳದಿ ಉಂಗುರ ಹರಡಿದ್ದರೆ ಡೀಸೆಲ್ ಸೇರಿದೆ ಎಂದೇ ಲೆಕ್ಕ. ಅದಕ್ಕೆ ದಪ್ಪ ಆಯಿಲ್ ಮದ್ದಲ್ಲ, ಬೇಗ ಬದಲಿಸುವುದೇ ಮದ್ದು. ಆದ್ದರಿಂದ ನಾನು ಋತುವಿಗೆ ತಕ್ಕಂತೆ ಬದಲಿಸುವುದು ಗ್ರೇಡನ್ನಲ್ಲ, ಸರ್ವೀಸಿನ ಅಂತರವನ್ನು: ಕಬ್ಬಿನ ಕಾಲದಲ್ಲಿ ಸುಮಾರು ಅರ್ಧಕ್ಕೆ ಇಳಿಸುತ್ತೇನೆ.

ಹೀಗೆ ಹೆಚ್ಚುವರಿಯಾಗಿ ಬೀಳುವ ಹದಿನೈದು, ಹದಿನಾರು ಲೀಟರ್ ಆಯಿಲಿನ ಖರ್ಚನ್ನು ಡೀಸೆಲ್ ಉಳಿತಾಯವೇ ತುಂಬಿಕೊಟ್ಟಿದೆ. 20ಡಬ್ಲ್ಯೂ-50 ಇದ್ದಾಗ ಲೀಟರಿಗೆ 3.9 ಕಿ.ಮೀ. ಸುಮಾರು ಬರುತ್ತಿದ್ದ ಮೈಲೇಜ್ ಈಗ 4 ದಾಟಿದೆ. ಲಾರಿಯೊಂದಕ್ಕೆ ತಿಂಗಳಿಗೆ ಎರಡು ಸಾವಿರ ರೂಪಾಯಿಯಾದರೂ ಉಳಿಯುತ್ತದೆ.

ಬೇರೆ ಪ್ರಯೋಗಗಳೂ ನಡೆದವು. ಆಯಿಲನ್ನು ದಪ್ಪ ಮಾಡುವ ಬಾಟಲಿ ಸುರಿದಾಗ ಆಯಿಲ್ ಪ್ರೆಶರ್ ಗೇಜಿನ ಮುಳ್ಳೇನೋ ಏರಿತು, ಆದರೆ ಬೆಳಗಿನ ಸ್ಟಾರ್ಟಿನಲ್ಲಿ ಪ್ರೆಶರ್ ದೀಪ ಆರಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಟರ್ಬೊ ಒಣಗಿ ತಿರುಗುವ ಹೊತ್ತೇ ಅದು. ಹಳೆಯ ಎಂಜಿನ್ನೊಂದಕ್ಕೆ ಇನ್ನೂ ತೆಳುವಾದ 10ಡಬ್ಲ್ಯೂ-30 ಹಾಕಿದಾಗ ಬಿಸಿ ಐಡ್ಲಿಂಗ್ ಪ್ರೆಶರ್ ಚದರ ಸೆಂಟಿಮೀಟರಿಗೆ ಒಂದು ಕೆಜಿಗಿಂತ ಕೆಳಗಿಳಿಯಿತು, ಆಯಿಲ್ ಕುಡಿಯುವುದೂ ಹೆಚ್ಚಿತು. ಎರಡನ್ನೂ ಕೈಬಿಟ್ಟೆ.

ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುವ, ಬಿಎಸ್-6 ಹೊಗೆ ನಿಯಮದ ಹೊಸ ಲಾರಿಗೆ ಕಡಿಮೆ ಬೂದಿಯ, ಸಿಕೆ-4 ಗುಣಮಟ್ಟದ ಆಯಿಲೇ ಬೇಕು. ಗ್ರೇಡ್ ಒಂದೇ ಆಗಿದೆಯೆಂದು ಹಳೆಯ ಗುಣಮಟ್ಟದ ಸಿಐ-4 ಡ್ರಮ್ಮಿನಿಂದ ಸುರಿದರೆ ಅದರ ಹೆಚ್ಚಿನ ಬೂದಿ ಫಿಲ್ಟರಿನಲ್ಲೇ ಉಳಿಯುತ್ತದೆ. ನಾನು ಎರಡು ಡ್ರಮ್ಮುಗಳನ್ನೂ ಬೇರೆ ಬೇರೆ ಮೂಲೆಯಲ್ಲಿಟ್ಟು, ಅಳತೆ ಜಗ್ಗುಗಳನ್ನೂ ಬೇರೆ ಮಾಡಿದ್ದೇನೆ.